ಕಮಲಾಕ್ಷಮ್ಮನವರ ಹೆಸರಿನಲ್ಲಿ

"ಇಲ್ಲೊಂದು ಸೈನ್ ಹಾಕ್ಬಿಡಮ್ಮ ಕೋಕಿಲಾ, ಅಷ್ಟೇ," ಎಂದು ಚನ್ನವೀರೇಶ್ ಕಾಗದವನ್ನು ಕೀಬೋರ್ಡಿನ ಮೇಲಿಟ್ಟು, ಅದರ ಮೇಲೆ ತಮ್ಮ ಪೆನ್ನನ್ನೂ ಇಟ್ಟರು.

ಕೋಕಿಲಾ ಓದಿದಳು. ಎರಡನೆಯ ಸಾಲಿಗೇ ಮೈ ಉರಿದುಹೋಯಿತು. 'ಈ ಕಂಪ್ಯೂಟರಿನಲ್ಲಿ ಲೈಸೆನ್ಸ್ ಇಲ್ಲದ ಡ್ರಾಯಿಂಗ್ ಸಾಫ್ಟ್‌ವೇರನ್ನು ಮಾಲೀಕರ ಗಮನಕ್ಕೆ ತಾರದೆ ನಾನೇ ಹಾಕಿಕೊಂಡಿದ್ದೇನೆ. ಇದಕ್ಕೆ ನಾನೇ ಹೊಣೆ.' ಕೆಳಗೆ ಅವಳ ಪೂರ್ತಿ ಹೆಸರು, ಕುರುಬರಹಳ್ಳಿಯ ಮನೆಯ ವಿಳಾಸ. ಪುಣ್ಯಾತ್ಮರು ಎಲ್ಲವನ್ನೂ ಮೊದಲೇ ಟೈಪ್ ಮಾಡಿಸಿಟ್ಟಿದ್ದರು, ಒಂದಕ್ಷರ ತಪ್ಪಿರಲಿಲ್ಲ.

ರಾಜಾಜಿನಗರದ ಇಂಡಸ್ಟ್ರಿಯಲ್ ಟೌನಿನಲ್ಲಿ ಚನ್ನವೀರೇಶರದು ಪ್ಲಾಸ್ಟಿಕ್ ಮುಚ್ಚಳ, ಡಬ್ಬಿಗಳಿಗೆ ಅಚ್ಚು ಮಾಡಿಕೊಡುವ ವರ್ಕ್‌ಶಾಪು. ಯಾವ ಅಚ್ಚೇ ಆಗಲಿ, ಮೊದಲು ಕೋಕಿಲಾಳ ಕಂಪ್ಯೂಟರಿನಲ್ಲಿ ಅದರ ಡ್ರಾಯಿಂಗ್ ಆಗಬೇಕು. ನಾಲ್ಕು ವರ್ಷದ ಹಿಂದೆ ಅವಳು ಸೇರುವಾಗಲೇ ಆ ಸಾಫ್ಟ್‌ವೇರ್ ಅಲ್ಲಿತ್ತು. ಅದು ಕದ್ದದ್ದು ಎಂದು ಗೊತ್ತಾದ ವಾರದಲ್ಲೇ ಹೇಳಿದ್ದಳು. ಬಾಯಲ್ಲಿ ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲವೆಂದು ಎರಡು ಸಲ ಮೇಲ್ ಕೂಡ ಕಳಿಸಿದ್ದಳು. 'ನೋಡೋಣಮ್ಮ' ಎಂದು ಉತ್ತರ ಬಂದಿತ್ತು. ಏನು ನೋಡಿದರು? ಆ ವರ್ಷ ಹೊಸ ಕಾರು ನೋಡಿದರು. ಈಗ ಸಾಫ್ಟ್‌ವೇರ್ ಕಂಪನಿಯ ವಕೀಲರ ನೋಟೀಸು ಬಂದು, ಅವರ ಕಡೆಯವರು ಹನ್ನೊಂದಕ್ಕೆ ತಪಾಸಣೆಗೆ ಬರುತ್ತಾರೆ ಎನ್ನುವಾಗ, ಹತ್ತೂವರೆಗೆ ಸರಿಯಾಗಿ ಕೋಕಿಲಾಳ ನೆನಪಾಯಿತು ಇವರಿಗೆ.

ಹಾಕುವುದಿಲ್ಲ ಎಂದಳು. ಚನ್ನವೀರೇಶ್ ಕುರ್ಚಿ ಎಳೆದುಕೊಂಡು ಕೂತು ಬೆಣ್ಣೆ ಹಚ್ಚತೊಡಗಿದರು. ನೀನು ನನ್ನ ಮಗಳಿದ್ದ ಹಾಗೆ, ಚಿಕ್ಕ ಹುಡುಗಿ ಅಂತ ಅವರು ಒಂದೆರಡು ಮಾತು ಬೈದು ಬಿಟ್ಟುಬಿಡುತ್ತಾರೆ, ತಿಂಗಳಾದರೆ ಎಲ್ಲರೂ ಮರೆಯುತ್ತಾರೆ. ಸೈನ್ ಹಾಕಿದರೆ ಕೆಲಸ ಎಲ್ಲೂ ಹೋಗುವುದಿಲ್ಲ ಎಂದೂ ಸೇರಿಸಿದರು. ಹಾಕದಿದ್ದರೆ ಏನೆಂದು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಮಗಳಂತೆ! ಸ್ವಂತ ಮಗಳ ಕೈಲಿ ಇಂಥ ಕಾಗದ ಬರೆಸಿಕೊಳ್ಳುತ್ತಿದ್ದರೇ ಈ ಮನುಷ್ಯ?

"ಸಾರ್, ನಾಳೆ ನೀವು ಬೇಡ ಅಂದ್ರೆ ನನ್ನ ಇನ್ಯಾರು ಕೆಲಸಕ್ಕೆ ತಗೋತಾರೆ?" ಎಂದಳು ಕೋಕಿಲಾ. "ಕಳ್ಳಿ ಅಂತ ನಾನೇ ಬರ್ಕೊಟ್ಟಿರ್ತೀನಲ್ಲ."

ಅಷ್ಟರಲ್ಲಿ ಆಟೋದಿಂದಿಳಿದು ಕಮಲಾಕ್ಷಮ್ಮ ಒಳಗೆ ಬಂದರು. ಚನ್ನವೀರೇಶರ ತಾಯಿ, ಎಂಬತ್ತರ ಹತ್ತಿರ ವಯಸ್ಸು. ಅವತ್ತು ಅಮಾವಾಸ್ಯೆ. ಪ್ರತಿ ಅಮಾವಾಸ್ಯೆಗೂ ಬಸವೇಶ್ವರನಗರದ ಮನೆಯಿಂದ ತಟ್ಟೆ, ನೀರಿನ ತಂಬಿಗೆ ಹಿಡಿದು ಬಂದು, ಒಂದೊಂದೇ ಯಂತ್ರಕ್ಕೆ ವಿಭೂತಿ ಎಳೆದು ಕುಂಕುಮ ಇಡುತ್ತಿದ್ದರು. ಯಂತ್ರಗಳ ಮೇಲೆಲ್ಲ ಇದ್ದದ್ದು ಅವರದೇ ಹೆಸರು. ಹೊಸದಾಗಿ ಏನು ತಂದರೂ ತಾಯಿಯ ಹೆಸರು ಬರೆಸುವುದು ಚನ್ನವೀರೇಶರ ಪದ್ಧತಿ. ಲೇತಿನ ಮೇಲೆ ಕೆಂಪು ಬಣ್ಣದಲ್ಲಿ, ಟೆಂಪೋದ ಹಣೆಗೆ ಹಳದಿಯಲ್ಲಿ. ಸಾಫ್ಟ್‌ವೇರ್ ಹಾಕುವಾಗ ಯಾರ ಹೆಸರಿಗೆ ಎಂದು ಕಂಪ್ಯೂಟರ್ ಕೇಳಿದಾಗಲೂ ಪಕ್ಕದಲ್ಲಿ ನಿಂತು ತಾಯಿಯ ಹೆಸರನ್ನೇ ಹೊಡೆಸಿದ್ದರು. ತೆರೆದಾಗಲೆಲ್ಲ ಅದು ಒಂದು ಗಳಿಗೆ ಕಾಣಿಸಿ ಹೋಗುತ್ತಿತ್ತು. ಕಮಲಾಕ್ಷಮ್ಮನವರಿಗೆ ಇಂಗ್ಲಿಷ್ ಬಾರದು. ಆದರೆ ಆ ಒಂದು ಹೆಸರಿನ ಆಕಾರ ಚೆನ್ನಾಗಿ ಗೊತ್ತಿತ್ತು.

"ತೆಗಿಯಮ್ಮ, ನನ್ನ ಹೆಸರು ಬರ್ಲಿ," ಎಂದರು ಪ್ರತಿ ತಿಂಗಳಿನಂತೆ.

ಇವತ್ತು ಕಂಪ್ಯೂಟರ್ ಕೆಟ್ಟಿದೆ, ನೀವು ಲೇತ್ ಕಡೆ ನಡೀರಿ ಎಂದು ಚನ್ನವೀರೇಶ್ ಗಡಬಡಿಸಿ ಎದ್ದರು. ಕೋಕಿಲಾ ಅವರ ಮುಖ ನೋಡಲಿಲ್ಲ. ಸಾಫ್ಟ್‌ವೇರ್ ತೆರೆದಳು. ಹೆಸರು ಬಂದು ಹೋಗಲು ಇವತ್ತು ಬಿಡಲಿಲ್ಲ, ಮೆನುವಿನಿಂದ ಮತ್ತೆ ತೆಗೆದು ಸ್ಕ್ರೀನಿನ ನಡುವೆ ನಿಲ್ಲಿಸಿದಳು. ಮುದುಕಿ ಸಂತೋಷದಿಂದ ಅದರ ಮೇಲೇ ಕುಂಕುಮ ಇಟ್ಟರು.

"ಅಜ್ಜಿ, ಇದನ್ನ ಇದ್ರೊಳಗೆ ಹಾಕ್ಸಿದ್ದು ಯಾರು?"

"ಇನ್ಯಾರು, ನನ್ನ ಮಗ. ಅವತ್ತು ತೆಂಗಿನಕಾಯಿ ಒಡೆದೋಳು ನಾನೇ."

ಕೋಕಿಲಾ ಕಾಗದವನ್ನು ಎತ್ತಿಕೊಂಡು, ಮೊದಲ ಸಾಲಿನಿಂದ ತನ್ನ ಮನೆ ವಿಳಾಸದವರೆಗೆ ಗಟ್ಟಿಯಾಗಿ ಓದಿದಳು. ಅರ್ಥವಾಗದ ಮಾತನ್ನು ಕಮಲಾಕ್ಷಮ್ಮ ಕೇಳಿದರು, ಅವಳು ಬಿಡಿಸಿ ಹೇಳಿದಳು. ಆಮೇಲೆ ಅವರು ಮಗನ ಕಡೆ ತಿರುಗಿದರು.

"ಇದು ಕದ್ದಿದ್ದಾ?"

"ಅಮ್ಮ, ಎಲ್ರೂ ಹಾಕ್ಕೋತಾರೆ. ನಿಮಗೆ ಇದೆಲ್ಲ ತಿಳಿಯಲ್ಲ, ಸುಮ್ನಿರಿ."

"ಕದ್ದ ಮಾಲಿಗೆ ನನ್ನ ಹೆಸರು ಬರೆಸಿ, ಪೂಜೆನೂ ನನ್ನ ಕೈಲೇ ಮಾಡಿಸ್ದೆ," ಎಂದರು ಕಮಲಾಕ್ಷಮ್ಮ. ದನಿ ಏರಿಸಲಿಲ್ಲ. "ಈಗ ತಪ್ಪು ಈ ಹುಡುಗೀದಾ?"

ಚನ್ನವೀರೇಶ್ ಗಡಿಯಾರ ನೋಡಿದರು.

ಕೋಕಿಲಾ ತನ್ನ ಎರಡು ಮೇಲ್‌ಗಳನ್ನೂ 'ನೋಡೋಣಮ್ಮ' ಎಂಬ ಉತ್ತರವನ್ನೂ ಪ್ರಿಂಟ್ ತೆಗೆದು, ಬರುವವರ ಕೈಗೇ ಕೊಡಲೆಂದು ಮಡಚದೆ ಮಡಿಲಲ್ಲಿಟ್ಟುಕೊಂಡಳು. ಸೈನ್ ಇಲ್ಲದ ಕಾಗದವನ್ನೂ ಪೆನ್ನನ್ನೂ ಮಾಲೀಕರ ಕಡೆಗೆ ಸರಿಸಿದಳು. ಕೆಲಸ ಇವತ್ತಿಗೆ ಮುಗಿಯಿತೆಂದು ಅವಳಿಗೆ ಗೊತ್ತಿತ್ತು, ಆದರೂ ಏಳಲಿಲ್ಲ.

ಗೇಟಿನ ಹತ್ತಿರ ಕಾರು ನಿಂತ ಸದ್ದಾಯಿತು. ಕಮಲಾಕ್ಷಮ್ಮ ತಟ್ಟೆಯನ್ನು ನೆಲಕ್ಕಿಟ್ಟು, ಸೆರಗಿನ ತುದಿಯನ್ನು ತಂಬಿಗೆಯ ನೀರಿನಲ್ಲಿ ಅದ್ದಿ, ಸ್ಕ್ರೀನಿನ ಮೇಲಿದ್ದ ಕುಂಕುಮವನ್ನು ಉಜ್ಜತೊಡಗಿದರು. ಅದು ಹೋಗಲಿಲ್ಲ. ಉಜ್ಜಿದಷ್ಟೂ ಕೆಂಪು ಹರಡುತ್ತಿತ್ತು, ಅದರ ಹಿಂದೆ ಅವರ ಹೆಸರು ಹಾಗೇ ಕಾಣುತ್ತಿತ್ತು.