ಇಳಿಸಿದ ಜೀಪು

ಅಜ್ಜಂಪುರದ ದೇವರಾಜ ಬಂದು ಜೀಪಿನ ಎತ್ತರವನ್ನು ಇಳಿಸಿಕೊಡು ಎಂದಾಗ ತರೀಕೆರೆಯ ತೀರ್ಥೇಶ್ ಮೊದಲು ತಮಾಷೆ ಅಂದುಕೊಂಡ. ಲಕ್ಕವಳ್ಳಿ ರಸ್ತೆಯಲ್ಲಿ ಅವನ ಗ್ಯಾರೇಜು. ಆ ಜೀಪನ್ನು ಎತ್ತರ ಮಾಡಿಕೊಟ್ಟವನೂ ಅವನೇ. ದಪ್ಪ ಪ್ಲೇಟಿನ ಸ್ಪ್ರಿಂಗುಗಳನ್ನು ಕೂರಿಸಿ, ಕಲ್ಲುಬಂಡೆ ದಾಟುವ ದೊಡ್ಡ ಟೈರು ಹಾಕಿ, ಮುಂದಿನ ಬಂಪರಿಗೆ ವಿಂಚು ಕಟ್ಟಿಕೊಟ್ಟಿದ್ದ. ವಿಂಚಿನ ಉಕ್ಕಿನ ಹಗ್ಗವನ್ನು ಮರಕ್ಕೆ ಬಿಗಿದು ಗುಂಡಿ ಒತ್ತಿದರೆ ಸಾಕು, ಮೋಟಾರು ಹಗ್ಗವನ್ನು ಸುತ್ತಿಕೊಳ್ಳುತ್ತಾ ಜೀಪನ್ನೇ ಕೆಸರಿನಿಂದ ಈಚೆಗೆ ಎಳೆಯುತ್ತಿತ್ತು.

“ಏನಣ್ಣಾ ನೀನು, ಜನ ಎತ್ರ ಮಾಡ್ಸೋಕೆ ಬತ್ತಾರೆ, ನೀನು ನೋಡುದ್ರೆ ಇಳಿಸು ಅಂತೀಯ. ಆಮೇಲೆ ಬಂಡೆ ಮೇಲೆ ಹೊಟ್ಟೆ ಉಜ್ತದೆ.”

“ಉಜ್ಲಿ ಬಿಡು. ಪರಮೇಶ ಹತ್ಬೇಕು.”

ತೀರ್ಥೇಶ್ ಜಾಕ್ ತಂದು ಜೀಪಿನ ಕೆಳಗೆ ಇಟ್ಟ.

ಕಡೂರಿನ ಪರಮೇಶನನ್ನು ಅರಿಯದವರು ಆ ಕಡೆ ಕಡಿಮೆ. ಬಟ್ಟೆ ಅಂಗಡಿ ಇಟ್ಟಿದ್ದವನು. ಸೀರೆಗಿಂತ ಹೆಚ್ಚಾಗಿ ಮಾತನ್ನೇ ಬಿಚ್ಚಿ ಹರಡುತ್ತಿದ್ದವನು. ದೇವರಾಜನದು ಅದಕ್ಕೆ ತದ್ವಿರುದ್ಧ. ಅಜ್ಜಂಪುರದಿಂದಾಚೆ ಒಂದು ತೆಂಗಿನ ತೋಟ, ತೋಟದ ಅಂಚಿಗೆ ಎರಡು ಕೋಣೆಯ ಮನೆ. ಮದುವೆಯಾಗಿರಲಿಲ್ಲ. ಅದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಈ ವರ್ಷ, ಮುಂದಿನ ವರ್ಷ ಎನ್ನುತ್ತಿರುವಾಗಲೇ ಕೇಳುವವರೇ ಇಲ್ಲದಂತಾಯಿತು. ಬೀರೂರಿನ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತ ದಿನದಿಂದ ಅವನಿಗೆ ಗೆಳೆಯ ಅಂತ ಇದ್ದದ್ದು ಪರಮೇಶ ಒಬ್ಬನೇ. ತೋಟದ ಕೆಲಸಕ್ಕೆಂದು ಹಳೇ ಜೀಪು ಕೊಂಡ ಮೇಲೆ ಇಬ್ಬರಿಗೂ ಗುಡ್ಡದ ಹುಚ್ಚು ಹತ್ತಿತು. ಲಿಂಗದಹಳ್ಳಿ ದಾಟಿ, ಕಾಫಿ ತೋಟಗಳ ನೆತ್ತಿಯ ಮೇಲೆ ಹಾದುಹೋಗುವ ಹಳೆಯ ಗಾಡಿದಾರಿಗಳಲ್ಲಿ ಹತ್ತಿ, ಅಕ್ಕಿ ಬೇಯಿಸಿಕೊಂಡು ತಿಂದು, ಜೀಪಿನ ಹಿಂದುಗಡೆ ಹಲಗೆ ಹಾಸಿಕೊಂಡು ಮಲಗಿ ಬರುತ್ತಿದ್ದರು. ಪರಮೇಶ ಮಾತಾಡುತ್ತಿದ್ದ, ದೇವರಾಜ ಗೇರು ಹಾಕುತ್ತಿದ್ದ. ಇಬ್ಬರಿಗೂ ಅಷ್ಟು ಸಾಕಾಗಿತ್ತು.

ಹೋದ ವರ್ಷ ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಂಗಡಿಯ ಷಟರ್ ಎತ್ತುತ್ತಿದ್ದ ಹಾಗೇ ಪರಮೇಶ ಕುಸಿದುಬಿದ್ದ. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಅಷ್ಟು ಮಾತಿನಲ್ಲಿ ಉಳಿದದ್ದು ಒಂದೇ ಒಂದು: ‘ಅದೇ’. ನೀರು ಬೇಕಾದರೂ ಅದೇ, ಸಿಟ್ಟು ಬಂದರೂ ಅದೇ, ಮೊಮ್ಮಗಳು ಬಂದರೂ ಅದೇ. ರಾಗ ಮಾತ್ರ ಬೇರೆ ಬೇರೆ.

ಭಾನುವಾರ ಭಾನುವಾರ ದೇವರಾಜ ಕಡೂರಿಗೆ ಹೋಗಿ ಗೆಳೆಯನ ಮಂಚದ ಪಕ್ಕ ಕೂರುತ್ತಿದ್ದ. ಏನು ಮಾತಾಡಬೇಕೋ ಅವನಿಗೆ ತಿಳಿಯುತ್ತಿರಲಿಲ್ಲ. ಇಷ್ಟು ವರ್ಷ ಆ ಕೆಲಸ ಅವನದಾಗಿರಲಿಲ್ಲ. ಟಿವಿ ಓಡುತ್ತಿತ್ತು. ಕಾಫಿ ಕುಡಿದು ಎದ್ದು ಬರುತ್ತಿದ್ದ. ಎರಡು ಸಲ ಒಬ್ಬನೇ ಗುಡ್ಡಕ್ಕೂ ಹೋದ. ಅರ್ಧ ದಾರಿಯಲ್ಲೇ ಜೀಪು ತಿರುಗಿಸಿಕೊಂಡು ಬಂದ.

ಆಮೇಲೆ ತೀರ್ಥೇಶನ ಗ್ಯಾರೇಜಿಗೆ ಬಂದದ್ದು. ಸ್ಪ್ರಿಂಗು ಬಿಚ್ಚಿ ಹಳೆಯವನ್ನೇ ಹಾಕಿದರು, ಟೈರೂ ಚಿಕ್ಕವು ಬಂದವು. ಗುಜರಿಗೆ ಬಂದಿದ್ದ ಒಂದು ವ್ಯಾನಿನ ಸೀಟನ್ನು ತಂದು, ಬಾಗಿಲ ಕಡೆಗೆ ತಿರುಗುವ ಹಾಗೆ ತಿರುಗಣೆ ಕೂರಿಸಿದರು. ಎದೆಗೆ ಅಡ್ಡಲಾಗಿ ಎರಡು ಬೆಲ್ಟು, ಎಡಗೈಗೆ ಹಿಡಿಕೆ, ಕೆಳಗೆ ಮಡಚುವ ಮೆಟ್ಟಿಲು. ದೇವರಾಜ ತಾನೇ ಆ ಸೀಟಿನಲ್ಲಿ ಕೂತು, ಬಲಗೈ ಬಲಗಾಲು ಆಡಿಸದೆ ಹತ್ತಿ ಇಳಿದು ನೋಡಿದ. ಮೆಟ್ಟಿಲನ್ನು ಮತ್ತೊಮ್ಮೆ ಕತ್ತರಿಸಿ ಇನ್ನಷ್ಟು ಕೆಳಗೆ ಬೆಸುಗೆ ಹಾಕಿಸಿದ.

ಪರಮೇಶನ ಹೆಂಡತಿ ಗುರುಶಾಂತಮ್ಮ ಸುತರಾಂ ಒಪ್ಪಲಿಲ್ಲ.

“ಬಚ್ಚಲಿಗೆ ಕರ್ಕೊಂಡು ಹೋಗೋಕೇ ಇಬ್ರು ಬೇಕು. ಗುಡ್ಡಕ್ಕೆ ಕರ್ಕೊಂಡು ಹೋಗ್ತಾನಂತೆ! ನಿಂಗೇನು ತಲೆ ಕೆಟ್ಟದಾ ದೇವರಾಜಪ್ಪ?”

“ಸಂಜೆ ಒಳಗೆ ಕರ್ಕೊಂಡು ಬತ್ತೀನಿ ಅತ್ತಿಗೆ.”

“ಅವರನ್ನ ಕೇಳಿದ್ಯಾ?”

ಕೇಳಿರಲಿಲ್ಲ. ಆಗಲೇ ಅವನಿಗೆ ಅದು ಹೊಳೆದದ್ದು. ಮಂಚದ ಕಡೆ ತಿರುಗಿ, “ಬತ್ತೀಯೇನೋ?” ಅಂದ. ಪರಮೇಶ ಬಹಳ ಹೊತ್ತು ಕಿಟಕಿಯಾಚೆ ನಿಂತಿದ್ದ ಜೀಪನ್ನು ನೋಡಿದ. “ಅದೇ” ಅಂದ. ಬರುತ್ತೇನೆ ಅಂತಲೋ, ಬೇಡ ಅಂತಲೋ, ಇಬ್ಬರಿಗೂ ಗೊತ್ತಾಗಲಿಲ್ಲ. ಆದರೆ ಎಡಗೈಯಿಂದ ಅಂಗಿಯ ಗುಂಡಿ ಹಾಕಿಕೊಳ್ಳಲು ಶುರುಮಾಡಿದ. ಗುರುಶಾಂತಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಬುತ್ತಿ ಕಟ್ಟಲು ಒಳಗೆ ಹೋದಳು.

ಲಿಂಗದಹಳ್ಳಿಯವರೆಗೆ ಎಲ್ಲ ಸಲೀಸಾಗಿತ್ತು. ಗಾಡಿದಾರಿ ಶುರುವಾದ ಮೇಲೆ ಜೀಪಿನ ಹೊಟ್ಟೆ ಕಲ್ಲಿಗೆ ತಾಗಿ ಸದ್ದು ಮಾಡತೊಡಗಿತು. ಮುಂಚೆ ಲೆಕ್ಕಕ್ಕೇ ತೆಗೆದುಕೊಳ್ಳದ ಒಂದು ಬಂಡೆಯ ಮೇಲೆ ಹಿಂದಿನ ಆಕ್ಸಲ್ಲು ಕೂತುಬಿಟ್ಟಿತು. ಒಂದು ಚಕ್ರ ಗಾಳಿಯಲ್ಲಿ ತಿರುಗಿತು. ದೇವರಾಜ ಇಳಿದು ನೋಡಿದ. ಮುಂದಿದ್ದ ನೇರಳೆ ಮರಕ್ಕೆ ವಿಂಚಿನ ಹಗ್ಗ ಕಟ್ಟಬಹುದಿತ್ತು. ಆದರೆ ಜೀಪು ಎದ್ದ ಹಾಗೆಲ್ಲ ಯಾರಾದರೂ ಚಕ್ರದ ಕೆಳಗೆ ಕಲ್ಲು ತುರುಕಬೇಕು, ಇನ್ನೊಬ್ಬರು ಗುಂಡಿ ಒತ್ತಬೇಕು. ಸುತ್ತ ಒಂದು ಮನೆಯಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಗೆಳೆಯನನ್ನು ಬಿಟ್ಟು ನಡೆದು ಹೋಗುವ ಹಾಗೂ ಇಲ್ಲ.

ಹಗ್ಗವನ್ನು ಮರಕ್ಕೆ ಬಿಗಿದು ಬಂದು, ವಿಂಚಿನ ರಿಮೋಟನ್ನು ಪರಮೇಶನ ಎಡಗೈಗೆ ಕೊಟ್ಟ.

“ಮೇಲಿಂದು ಒತ್ತಿದ್ರೆ ಎಳೀತದೆ. ನಿಲ್ಸು ಅಂದ್ರೆ ಕೈ ತೆಗಿ. ಅಷ್ಟೇ ಕಣೋ.”

ಪರಮೇಶ ಒತ್ತಿದ. ಹಗ್ಗ ಬಿಗಿಯಾಯಿತು, ಜೀಪು ಒಂದು ಗೇಣು ಎದ್ದಿತು. ದೇವರಾಜ ಪಕ್ಕದಿಂದ ಬಗ್ಗಿ ಕಲ್ಲು ತುರುಕಿದ. ಎರಡನೇ ಸಲ ಹೆಬ್ಬೆರಳು ಕೆಳಗಿನ ಗುಂಡಿಗೆ ಜಾರಿತು. ಹಗ್ಗ ಸಡಿಲಾಗಿ ಜೀಪು ಧಡಕ್ಕನೆ ಹಿಂದಕ್ಕೆ ಬಿತ್ತು. ದೇವರಾಜ ಕೈ ಎಳೆದುಕೊಂಡದ್ದರಿಂದ ಬೆರಳು ಉಳಿದವು. ಪರಮೇಶನ ಮುಖ ಬಿಳಿಚಿಕೊಂಡಿತು. ರಿಮೋಟನ್ನು ತೊಡೆಯ ಮೇಲೆ ಹಾಕಿ, ಮುಖ ಆ ಕಡೆ ತಿರುಗಿಸಿದ. “ಅದೇ, ಅದೇ, ಅದೇ” ಅಂದ.

“ಏನೂ ಆಗಿಲ್ಲ ನೋಡೋ,” ದೇವರಾಜ ಎರಡೂ ಕೈ ತೋರಿಸಿದ. “ತಗೋ. ನೀನು ಒತ್ತದಿದ್ರೆ ಇಬ್ರೂ ಇಲ್ಲೇ ಕೊಳೀಬೇಕು. ನಿನ್ನ ಹೆಂಡ್ತಿ ಬಂದು ಇಬ್ರಿಗೂ ಬೈತಾಳೆ.”

ಪರಮೇಶ ತಿರುಗಲಿಲ್ಲ. ದೇವರಾಜ ಬಂಡೆಯ ಮೇಲೆ ಕೂತು ಕಾದ. ಎಲ್ಲೋ ಮರಕುಟಿಗ ಕುಟ್ಟುತ್ತಿತ್ತು. ಕೊನೆಗೆ ಸೀಟಿನ ಕಡೆಯಿಂದ ಸಣ್ಣಗೆ “ಅದೇ” ಕೇಳಿತು. ಎದ್ದು ನೋಡಿದರೆ ರಿಮೋಟು ಕೈಯಲ್ಲಿತ್ತು.

ಈ ಸಲ ತಪ್ಪಲಿಲ್ಲ. ನಿಲ್ಲಿಸು ಅಂದರೆ ನಿಲ್ಲಿಸಿದ, ಒತ್ತು ಅಂದರೆ ಒತ್ತಿದ. ಜೀಪು ನರಳುತ್ತಾ ಬಂಡೆಯಿಂದ ಇಳಿದು ನೆಲಕ್ಕೆ ಬಂತು. ಪರಮೇಶ ಬಾಯಿಯ ಒಂದು ಬದಿಯಿಂದ ನಕ್ಕ. ಜೊಲ್ಲು ಇಳಿಯಿತು, ದೇವರಾಜ ತನ್ನ ಟವೆಲ್ಲಿನಿಂದ ಒರೆಸಿದ.

ಗುಡ್ಡದ ತುದಿಯಲ್ಲಿ ಗಾಳಿ ಜೋರಾಗಿತ್ತು. ಒಂದು ಕಡೆ ದೂರದಲ್ಲಿ ಭದ್ರಾ ಹಿನ್ನೀರು, ಇನ್ನೊಂದು ಕಡೆ ಕಡೂರಿನವರೆಗೂ ಬಿಳಿಚಿಕೊಂಡ ಬಯಲು. ಬುತ್ತಿ ಬಿಚ್ಚಿ ಗೆಳೆಯನಿಗೆ ಚಿತ್ರಾನ್ನ ತಿನ್ನಿಸಿದ. ಸೀಟನ್ನು ಕಣಿವೆಯ ಕಡೆ ತಿರುಗಿಸಿ, ತಾನು ಮೆಟ್ಟಿಲ ಮೇಲೆ ಕೂತ. ಯಾಕೋ ಆವತ್ತು ಮಾತು ಬಂತು.

“ನೀನು ಬಿದ್ದ ಮೇಲೆ ಎರಡ್ಸಲ ಒಬ್ನೇ ಹೊರಟಿದ್ದೆ ಕಣೋ. ಮನ್ಸಿಗೆ ಸೇರ್ಲಿಲ್ಲ. ಮನೇಲೂ ಸೇರ್ತಿಲ್ಲ. ರಾತ್ರಿ ಉಣ್ಣೋಕೆ ಕೂತ್ರೆ ತಟ್ಟೆ ಸದ್ದೂ ಜಾಸ್ತಿ ಕೇಳ್ತದೆ. ನಿಂಗೋಸ್ಕರ ಈ ಸೀಟು ಮಾಡ್ಸಿದ್ದು ಅಂತ ಊರೋರೆಲ್ಲ ಹೊಗಳಿದ್ರು. ನಿಂಗಲ್ಲ, ನಂಗೇ ಮಾಡ್ಸಿಕೊಂಡಿದ್ದು ಅನ್ಸುತ್ತೆ.”

ತಿರುಗಿ ನೋಡಿದ. ಪರಮೇಶ ಬೆಲ್ಟಿಗೆ ಒರಗಿ, ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದ. ದೇವರಾಜ ಎದ್ದು ಅವನ ಕಿವಿಗೆ ಮಫ್ಲರ್ ಸುತ್ತಿದ. ಮತ್ತೆ ಕೂತ.

ಹೊತ್ತು ಮುಳುಗುವ ಮೊದಲೇ ಕಡೂರು ಮುಟ್ಟಿದರು. ಪರಮೇಶ ಹೆಂಡತಿಯೆದುರು ಹೆಬ್ಬೆರಳು ಆಡಿಸುತ್ತಾ ಅದೇ ಅದೇ ಎಂದು ಉದ್ದಕ್ಕೂ ಕಥೆ ಹೇಳಿದ. ಅವಳಿಗೆ ಒಂದೂ ಅರ್ಥವಾಗದಿದ್ದರೂ ನಕ್ಕಳು. ದೇವರಾಜನನ್ನು ಕಳಿಸಲು ಗೇಟಿನವರೆಗೆ ಬಂದಾಗ ನಗು ನಿಂತಿತ್ತು.

“ಹೇಳ್ಬೇಕು ಅಂತಿದ್ದೆ ಕಣಪ್ಪಾ. ಮಗಳು ಸ್ಪಂದನಾ ತುಮಕೂರಿಗೇ ಬನ್ನಿ ಅಂತಾ ಅವ್ಳೆ. ಮಗಳ ಮನೇಲಿ ಹೋಗಿ ಇರೋದು ಹೆಂಗೋ ಅನ್ಸಿದ್ರೂ, ಅಲ್ಲಿ ದಿನಾ ವ್ಯಾಯಾಮ ಮಾಡ್ಸೋರು ಸಿಕ್ತಾರಂತೆ. ಅಂಗಡಿ ಬಾಡಿಗೆಗೆ ಕೊಟ್ಬಿಟ್ವಿ.”

“ಒಳ್ಳೇದಾಯ್ತು ಬಿಡಿ ಅತ್ತಿಗೆ,” ಅಂದ ದೇವರಾಜ. ಜೀಪು ಹತ್ತಿ ಹೊರಟ.

ಅವರು ತುಮಕೂರಿಗೆ ಹೋದ ಮೇಲೆ ತೀರ್ಥೇಶ್ ಫೋನು ಮಾಡಿ, ಆ ಎತ್ತರದ ಸ್ಪ್ರಿಂಗು ಇನ್ನೂ ಇಲ್ಲೇ ಬಿದ್ದವೆ, ಮತ್ತೆ ಕೂರಿಸೋಣವಾ ಎಂದು ಕೇಳಿದ. ಬೇಕಾದವರಿಗೆ ಕೊಡು ಎಂದ ದೇವರಾಜ. ಗಾಡಿದಾರಿಯ ಆಸೆ ಬಿಟ್ಟು, ಆ ತಗ್ಗಿಸಿದ ಜೀಪು ಹೋಗುವಷ್ಟು ದೂರ ಹೋಗಿಬರುವುದನ್ನು ರೂಢಿ ಮಾಡಿಕೊಂಡ.

ಕಾರ್ತಿಕದ ಒಂದು ಮಧ್ಯಾಹ್ನ ಲಕ್ಕವಳ್ಳಿ ದಾಟಿ ಹಿನ್ನೀರು ಕಾಣುವ ತಿರುವಿನಲ್ಲಿ ನಿಲ್ಲಿಸಿದ್ದಾಗ ಗುರುಶಾಂತಮ್ಮನ ಫೋನು ಬಂತು. “ಇವರು ಫೋನು ತೋರಿಸಿ ತೋರಿಸಿ ಪ್ರಾಣ ತಿಂತಾ ಅವ್ರೆ, ತಗೋ” ಎಂದು ಗಂಡನ ಕಿವಿಗೆ ಹಿಡಿದಳು. ಆ ಕಡೆ ಬರೀ ಉಸಿರು.

“ಲೇ, ಡ್ಯಾಮು ತುಂಬೈತೆ ಕಣೋ,” ಅಂದ ದೇವರಾಜ. “ನೀರು ಆ ಬೋಳುಮರದವರ್ಗೂ ಬಂದೈತೆ. ಒಂದು ತೆಪ್ಪ ಹೋಗ್ತಾ ಐತೆ, ಒಬ್ನೇ ಕೂತವ್ನೆ. ಬಿಸಿಲು ಅಷ್ಟಿಲ್ಲ. ಈ ಕಡೆ ದಂಡೇಲಿ ಬೆಳ್ಳಕ್ಕಿ ಕೂತವೆ, ಆ ಕಡೆ ಗುಡ್ಡದ ಮೇಲೆ ಮೋಡ…”

ಕಂಡದ್ದನ್ನೆಲ್ಲ ಹೇಳುತ್ತಾ ಹೋದ. ಯಾವಾಗಲೋ ಲೈನು ಕಟ್ಟಾಗಿತ್ತು. ಫೋನನ್ನು ಬಾನೆಟ್ಟಿನ ಮೇಲಿಟ್ಟು, ಮತ್ತೆ ಬರಬಹುದೆಂದು ಕಾದ. ಬರಲಿಲ್ಲ. ತೆಪ್ಪ ಆಚೆ ದಡ ಸೇರಿ ಕಾಣದಾಯಿತು. ಸ್ಟೌ ಹಚ್ಚಿ, ಪಾತ್ರೆಗೆ ಅಕ್ಕಿ ಹಾಕಿದ.