ಕೊಯ್ಲಿಗೆ ಮೊದಲು ಬಿಟ್ಟ ನೀರು

ಅನ್ನದಾನಮ್ಮ ಕೊಳವೆಯನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದಳು. ಹತ್ತೊಂಬತ್ತು. ಬೇರೆ ಕ್ರೇಟಿನ ಹಣ್ಣು ಹಿಂಡಿ ನೋಡಿದಳು. ಅದೂ ಅಷ್ಟೇ.

ಹಣ್ಣಿನ ಸಿಹಿ ಅಳೆಯುವ ಆ ಕೊಳವೆ ತಂಬ್ರಹಳ್ಳಿಯ ನಾಲ್ಕು ಮನೆಯವರು ಕೂಡಿ ತಂದದ್ದು. ಅವರು ವೈನ್ ದ್ರಾಕ್ಷಿ ಹಾಕಿ ಮೂರು ವರ್ಷವಾಗಿತ್ತು. ಸಿಹಿ ಇಪ್ಪತ್ತೆರಡರ ಕೆಳಗಿದ್ದರೆ ಕಂಪನಿ ಒಲ್ಲೆ ಅನ್ನುತ್ತದೆ. ನಾಲ್ಕೂ ತೋಟದ ಹಣ್ಣು ಹೋಗುವುದು ಒಂದೇ ಲಾರಿಯಲ್ಲಿ. ಒಂದು ಕ್ರೇಟಿನಲ್ಲಿ ಕಡಿಮೆ ಬಂದರೂ ಲಾರಿಗೆ ಲಾರಿಯೇ ವಾಪಸ್. ಆ ಸಣ್ಣ, ಬೀಜ ತುಂಬಿದ ಹಣ್ಣನ್ನು ಹೊಸಪೇಟೆಯಲ್ಲಿ ಪುಕ್ಕಟೆ ಕೊಟ್ಟರೂ ಯಾರೂ ಮುಟ್ಟುವುದಿಲ್ಲ.

ಭಾನುವಾರ ಅಳೆದಾಗ ಎಲ್ಲರದೂ ಇಪ್ಪತ್ಮೂರು ಇತ್ತು. ಹಣ್ಣು ನೀರು ಕುಡಿದರೆ ಸಿಹಿ ಇಳಿಯುತ್ತದೆ; ಅದಕ್ಕೇ ಕೊಯ್ಲಿಗೆ ಹದಿನೈದು ದಿನ ಮೊದಲೇ ನೀರು ನಿಲ್ಲಿಸಬೇಕೆಂಬುದು ನಾಲ್ವರೂ ಕೂತು ಒಪ್ಪಿದ ಮಾತು. ಹೋದ ವರ್ಷ ನಾಲ್ವರಲ್ಲೊಬ್ಬನಾದ ಜಂಬಣ್ಣ ಆ ಮಾತು ಮುರಿದಾಗ ಅವನದೇ ತೋಟದ ನಡುವೆ ನಿಲ್ಲಿಸಿ, ಕೂಲಿಯವರೆದುರು ಅವನ ಮಾನ ಕಳೆದಿದ್ದವಳು ಯಾರು? ಇದೇ ಅನ್ನದಾನಮ್ಮ.

ಆದರೆ ಸೋಮವಾರದ ಬಿಸಿಲು ಎಂಥದ್ದಪ್ಪಾ! ಎಲೆ ಜೋತುಬಿದ್ದಿದ್ದವು. ಹತ್ತು ವರ್ಷ ತಿನ್ನುವ ದ್ರಾಕ್ಷಿ ಬೆಳೆದು, ಕಡೆಯ ದಿನದವರೆಗೂ ನೀರುಣಿಸಿ ಕಾಯಿ ಉಬ್ಬಿಸಿದ ಕೈ ಸುಮ್ಮನಿರುತ್ತದೆಯೇ? ಹೋಗಿ ಮೋಟಾರು ಚಾಲೂ ಮಾಡಿಬಿಟ್ಟಿತು. ಒಂದು ಗಳಿಗೆ ಅಂದುಕೊಂಡವಳು ಮಧ್ಯಾಹ್ನವೆಲ್ಲ ನೀರು ಬಿಟ್ಟಳು.

ಇಂದು ಶುಕ್ರವಾರ. ಅವಳ ತೋಟ ಆಗಲೇ ಕೊಯ್ದು ಮುಗಿದಿತ್ತು. ಸುಮ್ಮನೆ ಒಂದು ಹಣ್ಣು ಬಾಯಿಗೆ ಹಾಕಿಕೊಂಡಾಗಲೇ ಸಪ್ಪೆ ಎನಿಸಿ ಕೊಳವೆ ತೆಗೆದದ್ದು. ಕೂಲಿಯ ಹೆಂಗಸರು ಕತ್ತರಿ ಹಿಡಿದು ಪಕ್ಕದ ಜಂಬಣ್ಣನ ತೋಟಕ್ಕೆ ಇಳಿಯುತ್ತಿದ್ದರು. ಜಂಬಣ್ಣನೂ ನಾಲ್ವರಲ್ಲಿ ಹಿರಿಯನಾದ ನಾಗೇಂದ್ರಪ್ಪನೂ ಲಾರಿಯ ಹತ್ತಿರ ನಿಂತಿದ್ದರು.

“ಅಕ್ಕಾ, ಏರಸೋಣೇನ್ರಿ?” ಎಂದ ಗವಿಸಿದ್ದೇಶ್, ಮೊದಲ ಕ್ರೇಟಿಗೆ ಕೈ ಹಾಕಿ. ನಾಲ್ವರಲ್ಲಿ ಅವನೇ ಚಿಕ್ಕವನು.

ಕಂಪನಿಯವನು ಎಲ್ಲ ಕ್ರೇಟನ್ನೂ ನೋಡುವುದಿಲ್ಲ. ಅವಳದು ತಪ್ಪಿಸಿಕೊಳ್ಳಲೂಬಹುದು. ಸಿಕ್ಕಿಬಿದ್ದರೆ ನಾಲ್ಕು ಮನೆಯ ವರ್ಷದ ದುಡಿಮೆ ಮಣ್ಣುಪಾಲು. ಹೇಳಿಬಿಟ್ಟರೆ ಜಂಬಣ್ಣನೆದುರು ತಲೆ ಎತ್ತುವಂತಿಲ್ಲ. ಗವಿಸಿದ್ದೇಶ್ ಕ್ರೇಟನ್ನು ಎದೆಮಟ್ಟಕ್ಕೆ ಎತ್ತಿದ್ದ.

“ತಡಿ. ನಂದು ಏರಸಬ್ಯಾಡ. ಸೋಮವಾರ ನೀರು ಬಿಟ್ಟೀನಿ. ಹತ್ತೊಂಬತ್ತು ಐತಿ.”

ಜಂಬಣ್ಣ ಈಗ ಹಂಗಿಸುತ್ತಾನೆ ಎಂದು ಅವಳು ಮೈ ಬಿಗಿಹಿಡಿದು ನಿಂತಳು. ಅವನ ಮುಖ ಬಿಳಿಚಿಕೊಂಡಿತ್ತು. ಅವನು ಕೂಲಿಯವರತ್ತ ತಿರುಗಿದ.

“ಕತ್ತರಿ ಹಾಕಬ್ಯಾಡ್ರಿ. ನಾನೂ ಬಿಟ್ಟೀನಿ, ಮಂಗಳವಾರ.”

ನಾಗೇಂದ್ರಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. “ನಾನೂ ಬಿಟ್ಟೀನವ್ವ, ಒಂದು ತಾಸು.” ಗವಿಸಿದ್ದೇಶ್ ಎತ್ತಿದ್ದ ಕ್ರೇಟನ್ನು ಕೆಳಗಿಟ್ಟ. “ನಾನೂ, ಅಕ್ಕಾ.”

ಬಳ್ಳಿಯಲ್ಲಿರುವ ಹಣ್ಣು ಇನ್ನೆಂಟು ದಿನ ಬಿಸಿಲುಂಡರೆ ಸಿಹಿ ಮತ್ತೆ ಏರುತ್ತದೆ. ಕೊಯ್ದದ್ದು ಏರುವುದಿಲ್ಲ. ಮೂವರ ಹಣ್ಣು ಬಳ್ಳಿಯಲ್ಲಿತ್ತು, ಅವಳದು ಕ್ರೇಟಿನಲ್ಲಿತ್ತು. ಅನ್ನದಾನಮ್ಮ ಮೂವರತ್ತ ತಿರುಗಿದಳು.

“ನಾ ಬಾಯಿ ಬಿಡದಿದ್ರ ನೀವ್ಯಾರೂ ಬಿಡ್ತಿರಲಿಲ್ಲ, ಹೌದಿಲ್ಲೋ?”

ಅಳು ಬಂತು, ಅತ್ತಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಕೈ ಚಾಚಿದಳು.

“ಮೋಟಾರ್ ಮನಿ ಕೀಲಿ ತಗೀರಿ. ಮೂರೂ ಮಂದಿ. ಎಂಟು ದಿನ ನನ್ನ ಹತ್ರ ಇರ್ತಾವ. ಬಳ್ಳಿ ಬಾಡಿದ್ರ ನಾಲ್ಕೂ ಮಂದಿ ಕೂಡಿ ನೋಡೋಣು, ಒಬ್ಬೊಬ್ಬರ ನೋಡಿದ್ದು ಸಾಕು.”

“ಲಾರಿ?” ಎಂದ ನಾಗೇಂದ್ರಪ್ಪ.

“ಬರಿದ ಕಳಸ್ರಿ.”

ಎರಡು ಕೀಲಿ ಕೈಗೆ ಬಂದವು. ಜಂಬಣ್ಣ ತನ್ನದನ್ನು ಕೊಡುತ್ತ ಅವಳ ಮುಖ ನೋಡಿದ.

“ನಿಮ್ಮದು ಯಾರ ಹತ್ರ ಇರಬೇಕ್ರಿ ಅಕ್ಕಾ?”

“ನಿನ್ನ ಹತ್ರ,” ಎಂದಳು. “ಈ ವರ್ಷ ನಂದು ಮುಗೀತು. ಮುಂದಿನ ವರ್ಷ ಕೊಯ್ಲಿಗೆ ಹದಿನೈದು ದಿನ ಮೊದಲ ಬಂದು ಇಸ್ಕೊಂಡು ಹೋಗು. ನಾ ಅತ್ತು ಕೇಳಿದ್ರೂ ಕೊಡಬ್ಯಾಡ.”