ಸುತ್ತಿಗೆಯಿಲ್ಲದ ಗಂಟೆ

ನನ್ನ ಬಾಯಲ್ಲಿ ಪರಿಚಯ ಮಾಡಿಸಿಕೊಂಡು, ಹೆಂಡತಿಗೇ ಗುರುತು ಸಿಗದಷ್ಟು ದೊಡ್ಡ ಮನುಷ್ಯರಾಗಿ ಮನೆಗೆ ಹೋದವರು ಈ ಊರಿನಲ್ಲಿ ಕಡಿಮೆಯೆಂದರೂ ಒಂದು ಸಾವಿರ ಜನ ಇದ್ದಾರೆ. ನಮ್ಮ ಸೇವಾ ಕ್ಲಬ್ಬಿನಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಊಟದ ಸಭೆ. ಸಭೆಗೊಬ್ಬ ಅತಿಥಿ ಭಾಷಣಕಾರ. ಆ ಅತಿಥಿಯನ್ನು ಹುಡುಕಿ ತಂದು, ಎತ್ತಿ ನಿಲ್ಲಿಸಿ, ಜನಕ್ಕೆ ಪರಿಚಯಿಸುವ ಭಾರ ಪೂರ್ತಿ ನನ್ನದು. ವೃತ್ತಿಯಿಂದ ನಾನು ಹಾಸಿಗೆ ಅಂಗಡಿಯವನು. ಅರ್ಧ ಊರು ಮಲಗುವುದು ನನ್ನ ಹಾಸಿಗೆಯ ಮೇಲೆ. ಉಳಿದರ್ಧ ಊರಿಗೆ ನಿದ್ದೆಯೇ ಬರುವುದಿಲ್ಲ. ಕ್ಲಬ್ಬಿನಲ್ಲಿ ಮಾತ್ರ ಎಲ್ಲರೂ ನನ್ನನ್ನು ಕರೆಯುವುದು ‘ಪೀಠಿಕೆ’ ಎಂದು.

ಸೊಳ್ಳೆಗೆ ಹೊಗೆ ಹಾಕಿಸುವ ಇಲಾಖೆಯ ಗುಮಾಸ್ತನೊಬ್ಬನನ್ನು ‘ಕೋಟ್ಯಂತರ ಶತ್ರುಗಳೆದುರು ಒಂಟಿಯಾಗಿ ನಿಂತ ಸೇನಾಪತಿ’ ಎಂದು ಪರಿಚಯಿಸಿದ್ದೆ. ಆತ ಗಾಬರಿಯಾಗಿ, ಇನ್ನು ಯಾರು ಬಂದರಪ್ಪಾ ಎಂದು ಹಿಂದೆ ತಿರುಗಿ ನೋಡಿದ. ನಿದ್ದೆಯ ಬಗ್ಗೆ ಮಾತಾಡಲು ಬಂದ ವೈದ್ಯೆಯೊಬ್ಬರು ಎಷ್ಟು ಚೆನ್ನಾಗಿ ಮಾತಾಡಿದರೆಂದರೆ, ಕೊನೆಗೆ ವಂದನೆ ಹೇಳಲು ಎಚ್ಚರವಾಗಿದ್ದವನು ನಾನೊಬ್ಬನೇ.

ಸಭೆ ನಡೆಯುವುದು ಒಂದು ಹಳೆಯ ಲಾಡ್ಜಿನ ಮೂರನೇ ಮಹಡಿಯಲ್ಲಿ. ಕಿಟಕಿಗೆ ಕಂದು ಬಣ್ಣದ ಪರದೆ, ಮೇಜಿನ ಬಟ್ಟೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಸುಟ್ಟ ಗುರುತು, ಕತ್ತಿಗೆ ಟೇಪು ಸುತ್ತಿಸಿಕೊಂಡು ನಿಂತ ಮೈಕು. ಒಂದು ಕಾಲಕ್ಕೆ ಅಲ್ಲಿ ಕುರ್ಚಿ ಸಾಲದೆ ಜನ ಕಿಟಕಿಗೆ ಜೋತುಬಿದ್ದಿದ್ದರು. ಸರಿ, ಜೋತುಬಿದ್ದಿರಲಿಲ್ಲ, ಒರಗಿ ನಿಂತಿದ್ದರು. ಈಗ ಕುರ್ಚಿಗಳು ಅಷ್ಟೇ ಇವೆ, ಜನ ಇಲ್ಲ. ಪ್ರತಿ ವರ್ಷ ಒಬ್ಬಿಬ್ಬರ ಫೋಟೋ ಗೋಡೆಗೆ ಹೋಗುತ್ತದೆ, ಅವರ ಕುರ್ಚಿ ಇದ್ದಲ್ಲೇ ಇರುತ್ತದೆ.

ನಮ್ಮ ಅಧ್ಯಕ್ಷರು ಹಲ್ಲಿನ ಡಾಕ್ಟರು. ಅವರ ಮುಂದೆ ಒಂದು ಹಿತ್ತಾಳೆ ಗಂಟೆ, ಹೊಡೆಯಲು ಮರದ ಪುಟ್ಟ ಸುತ್ತಿಗೆ. ಎರಡು ಗಂಟೆಗೆ ಸರಿಯಾಗಿ ಅವರು ಗಂಟೆ ಹೊಡೆಯುತ್ತಾರೆ. ಹೊಡೆದರೆ ಸಭೆ ಮುಗಿಯಿತು. ಅತಿಥಿಯ ಬಾಯಲ್ಲಿ ಮಾತು ಅರ್ಧ ಇದ್ದರೂ ಸರಿ, ಅಲ್ಲಿಗೇ ಕಿತ್ತುಬಿಡುತ್ತಾರೆ. ಗಂಟೆ ಬೀಳುವವರೆಗೆ ಮಾತ್ರ ಯಾರೂ ಏಳುವ ಹಾಗಿಲ್ಲ. ಹಿಂದೊಮ್ಮೆ ಬೆಟ್ಟ ಹತ್ತುವ ಸಾಹಸಿಯೊಬ್ಬ ಬಂದಿದ್ದ. “ನಾನು ನೇತಾಡ್ತಾ ಇದ್ದೆ, ಕೆಳಗೆ ಪ್ರಪಾತ, ಅಷ್ಟರಲ್ಲಿ ಹಗ್ಗ ತುಂಡಾಯ್ತು” ಎನ್ನುವಷ್ಟರಲ್ಲಿ ಟಣ್! ಆತ ಕಣ್ಣೆದುರಿಗೇ ನಿಂತಿದ್ದ, ಆದರೂ ಬದುಕಿದನೋ ಇಲ್ಲವೋ ಎಂದು ನಮ್ಮಲ್ಲಿ ಅನೇಕರಿಗೆ ಇವತ್ತಿಗೂ ಅನುಮಾನ.

ಇಂಥ ಸಭೆಯಲ್ಲಿ ಮಾತಾಡಬೇಕೆಂದು ನನ್ನ ಅಣ್ಣ ಕೇಳಿಕೊಂಡು ಬಂದ.

ಅಣ್ಣ ಲಿಫ್ಟ್ ಮೆಕ್ಯಾನಿಕ್. ಮಾತಿನ ವಿಷಯದಲ್ಲಿ ದೇವರು ನಮ್ಮಿಬ್ಬರಿಗೂ ಸೇರಿಸಿ ಕೊಟ್ಟಿದ್ದನ್ನು ನಾನೊಬ್ಬನೇ ಬಾಚಿಕೊಂಡಿದ್ದೆ. ಅವನ ಕೆಲಸದ ಸಂದರ್ಶನಕ್ಕೆ ಜೊತೆಗೆ ಹೋಗಿ ಉತ್ತರ ಹೇಳಿದವನು ನಾನು. ಹೆಣ್ಣು ನೋಡಲು ಹೋದಾಗಲೂ ಮಾತೆಲ್ಲ ನಂದೇ. ಹುಡುಗ ಯಾರೆಂದು ಅತ್ತಿಗೆಗೆ ಕಾಫಿ ಮುಗಿಯುವವರೆಗೂ ಗೊತ್ತಾಗಿರಲಿಲ್ಲ.

ಗಂಟಲಿಗೆ ಮಫ್ಲರ್ ಸುತ್ತಿಕೊಂಡು ಅಂಗಡಿಗೆ ಬಂದವನು ಒಂದು ಹಾಸಿಗೆಯ ಅಂಚಿನಲ್ಲಿ ಕುಳಿತ. ಕೆಲವು ತಿಂಗಳಿಂದ ಅವನ ಧ್ವನಿ ಒಡೆದಿತ್ತು, ನೆಗಡಿಯೆಂದುಕೊಂಡಿದ್ದೆವು.

“ಈ ಗುರುವಾರ ಯಾರೋ ನಿಮ್ಮ ಅತಿಥಿ?”

“ಜೇನು ಸಾಕೋ ಹೆಂಗಸು. ಯಾಕೆ, ಜೇನು ಬೇಕಿತ್ತಾ?”

“ಅವರನ್ನ ಮುಂದಿನ ವಾರಕ್ಕೆ ಹಾಕು. ನಾನು ಮಾತಾಡ್ತೀನಿ.”

ನಾನು ನಕ್ಕ ರಭಸಕ್ಕೆ ಅಂಗಡಿಯ ಸ್ಪ್ರಿಂಗುಗಳೆಲ್ಲ ಕುಣಿದವು. “ನೀನಾ? ನಿನ್ನ ಮದುವೇಲೇ ನೀನು ಬಾಯಿ ಬಿಟ್ಟಿಲ್ಲವಲ್ಲೋ ಮಾರಾಯ!”

“ಸೋಮವಾರ ಆಪರೇಷನ್ನು. ಧ್ವನಿಪೆಟ್ಟಿಗೆ ತೆಗೀತಾರಂತೆ.” ತನ್ನ ಗಂಟಲನ್ನು ಬೆರಳಿನಿಂದ ತೋರಿಸಿದ, ಯಾವುದೋ ಯಂತ್ರದ ಸವೆದ ಭಾಗ ತೋರಿಸುವ ಹಾಗೆ. “ಪೂರ್ತಿ. ಬಿಟ್ರೆ ಹರಡುತ್ತಂತೆ.”

ಅಂಗಡಿಯಲ್ಲಿ ಅಷ್ಟೊಂದು ಹತ್ತಿ ಇರುವುದರಿಂದ ಮಾತು ಬೇಗ ಅಡಗಿಹೋಗುತ್ತದೆ. ನಾನು ಏನೋ ಹೇಳಿದೆನೆಂದು ನೆನಪು, ಡಾಕ್ಟರುಗಳನ್ನು ಬೈದಿರಬೇಕು.

“ಒಂದು ಸಲ ಜನದ ಮುಂದೆ ನಿಂತು ಮಾತಾಡ್ಬೇಕು ಅನ್ಸಿದೆ, ಅಷ್ಟೆ,” ಎಂದ. “ಆದ್ರೆ ನಿನ್ನ ಪೀಠಿಕೆ ಬೇಡ. ‘ನಮ್ಮಣ್ಣ, ಲಿಫ್ಟ್ ಮೆಕ್ಯಾನಿಕ್.’ ಇಷ್ಟು ಹೇಳಿ ಕೂತ್ಬಿಡು.”

“ಅಷ್ಟೇನಾ? ನಾನು ಸೀನೋಕೇ ಅದಕ್ಕಿಂತ ಜಾಸ್ತಿ ಟೈಮ್ ತಗೋತೀನಿ.”

“ಅಷ್ಟೇ. ನಾನು ಎಷ್ಟೊತ್ತು ನಿಂತಿರ್ಬೇಕು?”

“ಗಂಟೆ ಹೊಡೆಯೋವರೆಗೂ ನಿಂತಿರ್ಬೇಕು. ಹೊಡೆದ್ಮೇಲೇ ಕೂರೋದು.”

ಅವನು ತಲೆಯಾಡಿಸಿದ. ಯಾವ ಕೆಲಸ ಹೇಳಿಕೊಟ್ಟರೂ ಅಕ್ಷರ ತಪ್ಪದೆ ಮಾಡುವವನು ಅವನು.

ಇಲ್ಲೊಂದು ತೊಡಕಿತ್ತು. ನಮ್ಮಣ್ಣ ಚೀಫ್ ಇಂಜಿನಿಯರು, ಕೈಕೆಳಗೆ ಇನ್ನೂರು ಜನ, ಅವನು ಸಹಿ ಹಾಕದೆ ಈ ಊರಲ್ಲಿ ಒಂದು ಲಿಫ್ಟೂ ಮೇಲೇಳುವುದಿಲ್ಲ ಎಂದು ಕ್ಲಬ್ಬಿನ ಕುರ್ಚಿ ಮೇಜುಗಳಿಗೂ ಬಾಯಿಪಾಠವಾಗುವಂತೆ ನಾನು ವರ್ಷಗಟ್ಟಲೆ ಹೇಳಿದ್ದೆ. ಸುಳ್ಳೇನಲ್ಲ. ಸ್ವಲ್ಪ ಹಿಗ್ಗಿಸಿದ ನಿಜ. ಹಾಸಿಗೆಯನ್ನೂ ನಾವು ಹಾಗೇ ಮಾಡುವುದು, ಹತ್ತಿ ಅಷ್ಟೇ, ಬಡಿದು ಬಡಿದು ಎತ್ತರ ಮಾಡುತ್ತೇವೆ.

ಬುಧವಾರ ಅತ್ತಿಗೆ ಫೋನು ಮಾಡಿದರು.

“ಏನಪ್ಪಾ ಮಾಡಿಬಿಟ್ಟೆ ನಮ್ಮನೆಯವರಿಗೆ? ನಿನ್ನೆಯಿಂದ ಒಂದು ಮಾತೂ ಆಡ್ತಿಲ್ಲ. ಉಪ್ಪು ಬೇಕಾದ್ರೂ ಸನ್ನೆ. ಗುರುವಾರಕ್ಕೆ ಉಳಿಸ್ತಾ ಇದ್ದಾರಂತೆ! ಇರೋ ನಾಲ್ಕು ಮಾತನ್ನೂ ನಿಮ್ಮ ಕ್ಲಬ್ಬಿಗೇ ಕೊಟ್ಟುಬಿಟ್ರೆ ನನಗೇನಪ್ಪ ಉಳಿಯುತ್ತೆ?”

“ನೀವೂ ಬನ್ನಿ ಅತ್ತಿಗೆ. ಮೊದಲನೇ ಸಾಲಲ್ಲಿ ಸಿಂಹಾಸನ ಹಾಕಿಸ್ತೀನಿ.”

“ಬರ್ತೀನಿ. ಕೊನೇಲಿ ನಂಗೂ ಒಂದು ಮಾತಿದೆಯಂತೆ. ಮನೇಲಿ ಹೇಳೋಕೆ ನಾಚಿಕೆಯಂತೆ ಅವರಿಗೆ. ನಾಲ್ಕು ಜನದ ಮುಂದೆ ಆದ್ರೆ ಧೈರ್ಯ ಬರುತ್ತಂತೆ. ಎಂಥಾ ಗಂಡಸೋ!”

ಫೋನಿಟ್ಟ ಮೇಲೆ ನಾನು ಲೆಕ್ಕ ಹಾಕಿದೆ. ಹುಟ್ಟುಹಬ್ಬದ ಶುಭಾಶಯ, ಕಣ್ಣು ತಪಾಸಣೆ ಶಿಬಿರದ ವರದಿ, ಗೈರುಹಾಜರಾದವರ ಕ್ಷಮಾಪಣೆ, ಎಲ್ಲ ಮುಗಿಯುವಷ್ಟರಲ್ಲಿ ಅತಿಥಿಗೆ ಉಳಿಯುವುದು ಪಾತ್ರೆಯ ತಳದ ಸೂಪಿನಷ್ಟು ಸಮಯ. ಅಣ್ಣ ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳಬೇಕು. ಎರಡು ಹೊಡೆದರೆ ನಮ್ಮ ಡಾಕ್ಟರು ಅರಿವಳಿಕೆ ಇಲ್ಲದೆ ಕಿತ್ತುಬಿಡುತ್ತಾರೆ. ಆದ್ದರಿಂದ ಗುರುವಾರ ಎಲ್ಲರಿಗಿಂತ ಮೊದಲೇ ಹೋಗಿ, ಗಂಟೆಯ ಪಕ್ಕದಲ್ಲಿದ್ದ ಸುತ್ತಿಗೆಯನ್ನು ಕೋಟಿನ ಒಳಜೇಬಿಗೆ ಇಳಿಸಿದೆ. ಖಜಾನೆ ಲೂಟಿ ಮಾಡಿದವನೂ ನನ್ನಷ್ಟು ನಾಜೂಕಾಗಿ ಮಾಡಿರಲಾರ.

ಅಣ್ಣ ಮದುವೆಯ ಕೋಟು ಹಾಕಿಕೊಂಡು ಬಂದಿದ್ದ. ಅದು ಈಗ ಅವನಿಗಿಂತ ಎರಡು ಸುತ್ತು ದೊಡ್ಡದಾಗಿತ್ತು. ಅತ್ತಿಗೆ ಮೊದಲನೇ ಸಾಲು ಬೇಡವೆಂದು ಹಿಂದೆ ಬಾಗಿಲ ಬಳಿ ಕುಳಿತರು, ಕೈಚೀಲವನ್ನು ಮಡಿಲಲ್ಲಿ ಎರಡೂ ಕೈಯಿಂದ ಹಿಡಿದುಕೊಂಡು.

ಶುಭಾಶಯ, ವರದಿ, ಕ್ಷಮಾಪಣೆ ಎಲ್ಲ ತೆವಳಿಕೊಂಡು ಮುಗಿದವು. ನನ್ನ ಸರದಿ. ನಾನೆದ್ದಾಗ ಎಲ್ಲರೂ ಕುರ್ಚಿಯಲ್ಲಿ ಆರಾಮಾಗಿ ಜಾರಿದರು, ಕೆಲವರು ಕನ್ನಡಕ ತೆಗೆದಿಟ್ಟರು. ನನ್ನ ನಾಲಿಗೆಯ ತುದಿಯಲ್ಲಿ ಗಗನಚುಂಬಿ ಕಟ್ಟಡಗಳು ಸಾಲಾಗಿ ನಿಂತಿದ್ದವು, ಒಂದೊಂದೂ ಮೋಡಕ್ಕೆ ತಾಗುವಂಥವು. ಎಲ್ಲವನ್ನೂ ನುಂಗಿದೆ.

“ಇವರು ನಮ್ಮಣ್ಣ. ಲಿಫ್ಟ್ ಮೆಕ್ಯಾನಿಕ್,” ಎಂದು ಹೇಳಿ ಕುಳಿತೆ.

ಯಾರದೋ ಚಮಚ ತಟ್ಟೆಗೆ ಬಿತ್ತು. ಡಾಕ್ಟರು ನನ್ನತ್ತ ಬಗ್ಗಿದರು. “ಪೀಠಿಕೆ, ಹುಷಾರಾಗಿದ್ದೀರಾ? ಎದೆ ಗಿದೆ ನೋಯ್ತಾ ಇದೆಯಾ?”

ನಮ್ಮ ಸದಸ್ಯರಲ್ಲೊಬ್ಬನಾದ ಬಟ್ಟೆ ಅಂಗಡಿಯವನು ಆ ಕಡೆಯಿಂದ, “ಚೀಫ್ ಇಂಜಿನಿಯರ್ ಅಂದಿದ್ರಲ್ರೀ?” ಎಂದ.

ಅಣ್ಣ ಮೈಕಿನ ಮುಂದೆ ನಿಂತಿದ್ದ. ಬಾಯಿ ತೆರೆದಾಗ ಮೊದಲು ಬಂದದ್ದು ತುಕ್ಕು ಹಿಡಿದ ಬಾಗಿಲು ನೆಲಕ್ಕೆ ಉಜ್ಜಿದಂಥ ಸದ್ದು. ಆಮೇಲೆ ಮಾತು.

“ಎಲ್ಲರಿಗೂ ನಮಸ್ಕಾರ. ಲಿಫ್ಟಿನ ಮೇಲೆ, ಅಂದ್ರೆ ಅದರ ಡಬ್ಬದ ತಲೆ ಮೇಲೆ ಕೂತು ನಾವು ಕೆಲಸ ಮಾಡೋದು. ಸದ್ದು ಎಲ್ಲಿಂದ ಬರ್ತಿದೆ ಅಂತ ಹಿಡಿಯೋಕೆ, ಜನ ಒಳಗಿದ್ದಾಗ್ಲೇ ಮೇಲೆ ಕೂತು ಹೋಗ್ತಿದ್ದೆ. ಹಾಗೆ ಮಾಡಬಾರದು. ನಾನು ಮಾಡ್ತಿದ್ದೆ.” ಉಸಿರು ಕೂಡಿಸಿಕೊಂಡ. “ಒಳಗಿರೋರಿಗೆ ಮೇಲೆ ಒಬ್ಬ ಇದ್ದಾನೆ ಅಂತ ಗೊತ್ತಿರಲ್ಲ. ಒಂದಿನ ಕೆಳಗಿಂದ ಇವನ ಧ್ವನಿ ಕೇಳಿಸ್ತು. ನನ್ನ ತಮ್ಮಂದು.”

ನಾನು ತಲೆಯೆತ್ತಿದೆ.

“ಜೊತೇಲಿ ಯಾರೋ ಗಿರಾಕಿ. ಇವನು ಹೇಳ್ತಿದ್ದ, ‘ಈ ಲಿಫ್ಟ್ ಕೂರಿಸಿದ್ದೇ ನಮ್ಮಣ್ಣ, ಚೀಫ್ ಇಂಜಿನಿಯರು, ಕೈಕೆಳಗೆ ಇನ್ನೂರು ಜನ.’ ಆಗ ನನ್ನ ಕೈಕೆಳಗೆ ಇದ್ದಿದ್ದು ಒಂದು ಗ್ರೀಸ್ ಡಬ್ಬ.”

ಕ್ಲಬ್ಬು ನಕ್ಕಿತು. ಗೋಡೆಯ ಫೋಟೋಗಳೂ ನಕ್ಕಿರಬೇಕು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ, ಕಿವಿ ಸುಡುತ್ತಿತ್ತು. ಅಷ್ಟರಲ್ಲಿ ಗಡಿಯಾರದ ಮುಳ್ಳು ಎರಡಕ್ಕೆ ಬಂತು. ಡಾಕ್ಟರ ಕೈ ತಾನಾಗಿಯೇ ಸುತ್ತಿಗೆಯ ಜಾಗಕ್ಕೆ ಹೋಗಿ ಬರೀ ಮೇಜನ್ನು ತಡವಿತು. ಸೂಪಿನ ಬಟ್ಟಲು ಎತ್ತಿ ನೋಡಿದರು, ತಟ್ಟೆಯ ಕೆಳಗೆ ನೋಡಿದರು. ಅಣ್ಣ ಮುಂದುವರಿಸಿದ.

“ಅಷ್ಟರಲ್ಲಿ ಲಿಫ್ಟು ಮಧ್ಯದಲ್ಲೇ ನಿಂತ್ಬಿಡ್ತು. ಕತ್ತಲೆ. ಗಿರಾಕಿ ಕಿರುಚಿದ. ಇವನೂ ಕಿರುಚಿದ. ‘ಹೆದರ್ಬೇಡಿ, ಮೇಲೆ ಮೆಕ್ಯಾನಿಕ್ ಇದ್ದೀನಿ’ ಅನ್ನೋಕೆ ಬಾಯಿ ತೆಗೆದೆ. ಧ್ವನಿ ಕೇಳಿದ್ರೆ ಇವನು ಗುರುತು ಹಿಡೀತಿದ್ದ. ಗಿರಾಕಿ ಮುಂದೆ ಇವನ ಮರ್ಯಾದೆ ಹೋಗ್ತಿತ್ತು. ಸುಮ್ನಾದೆ. ಸುಮ್ನೆ ಸರಿ ಮಾಡಿದೆ. ಇಳಿದು ಹೋದ್ರು. ಅವತ್ತಿಂದ ಆ ಮಾತು ಇಲ್ಲೇ ಉಳಿದಿತ್ತು.” ಗಂಟಲು ಮುಟ್ಟಿಕೊಂಡ. ನನ್ನನ್ನೇ ನೋಡಿದ. “ಹೆದರ್ಬೇಡ ಕಣೋ. ಮೇಲೆ ಇದ್ದಿದ್ದು ಮೆಕ್ಯಾನಿಕ್ಕು.”

ಚಪ್ಪಾಳೆ ಬಿತ್ತು. ಊರೆಲ್ಲ ಕೇಳಿಸುವಂಥ ಚಪ್ಪಾಳೆ ಎಂದು ಬರೆಯುವ ಆಸೆ, ಆದರೆ ಅಲ್ಲಿದ್ದದ್ದು ಹನ್ನೆರಡೋ ಹದಿಮೂರೋ ಜನ, ಎಲ್ಲ ಮುದಿ ಕೈಗಳು. ಅಣ್ಣ ಕೂರಲಿಲ್ಲ. ಹಿಂದೆ ಬಾಗಿಲ ಬಳಿ ನೋಡಿದ. ಅತ್ತಿಗೆ ಬೆನ್ನು ನೆಟ್ಟಗೆ ಮಾಡಿದರು.

ಅವನು ಬಾಯಿ ತೆರೆದ. ತುಟಿ ಆಡಿತು. ಮೈಕಿನಲ್ಲಿ ಬರೀ ಗಾಳಿ ಬಂತು.

ಮತ್ತೊಮ್ಮೆ ಪ್ರಯತ್ನಿಸಿದ. ಕತ್ತಿನ ನರಗಳು ಎದ್ದವು. ಗಾಳಿ. ನೀರು ಕುಡಿದ, ಮಫ್ಲರ್ ಸಡಿಲಿಸಿದ, ಟೇಪು ಸುತ್ತಿದ ಮೈಕನ್ನು ಬಾಯಿಗೆ ತಾಗಿಸಿಕೊಂಡ. ಗಾಳಿಯೇ. ಬಟ್ಟೆ ಅಂಗಡಿಯವನು ತಟ್ಟೆಯನ್ನು ನೋಡತೊಡಗಿದ. ಯಾರೋ ಕೆಮ್ಮಿದರು, ಕೆಮ್ಮಿದ್ದಕ್ಕೆ ನಾಚಿಕೊಂಡರು. ಅಣ್ಣ ಕೂರಲಿಲ್ಲ, ಗಂಟೆ ಹೊಡೆಯುವವರೆಗೂ ನಿಂತಿರಬೇಕೆಂದು ಅವನಿಗೆ ಹೇಳಿದವನು ನಾನು. ಯಾರೂ ಏಳಲಿಲ್ಲ, ಗಂಟೆ ಬಿದ್ದಿರಲಿಲ್ಲ. ಡಾಕ್ಟರು ಈಗ ಮೊಣಕಾಲೂರಿ ಮೇಜಿನಡಿ ಹುಡುಕುತ್ತಿದ್ದರು. “ಎಲ್ಲಿ ಹೋಯ್ತು ದರಿದ್ರದ್ದು, ಯಾರಾದ್ರೂ ನೋಡ್ರಪ್ಪ,” ಎಂದು ಕೆಳಗಿಂದಲೇ ಗೊಣಗುತ್ತಿದ್ದರು, ಸಂಕಟದಿಂದ.

ಅಣ್ಣನ ತುಟಿ ಇನ್ನೂ ಆಡುತ್ತಿತ್ತು. ಅತ್ತಿಗೆ ಮುಂದಕ್ಕೆ ಬಾಗಿ ಆ ತುಟಿಯನ್ನೇ ನೋಡುತ್ತಿದ್ದರು.

ನನ್ನ ಒಳಜೇಬಿನಲ್ಲಿ ಸುತ್ತಿಗೆ ಎದೆಗೆ ಒತ್ತುತ್ತಿತ್ತು. ಇನ್ನೊಂದು ಕ್ಷಣ ಕಾದೆ, ಬರಬಹುದೆಂದು. ಇನ್ನೂ ಒಂದು ಕ್ಷಣ. ಆಮೇಲೆ ಎದ್ದು ಹೋಗಿ, ಎಲ್ಲರೂ ನೋಡುತ್ತಿದ್ದಂತೆ ಸುತ್ತಿಗೆ ಹೊರತೆಗೆದು, ನಾನೇ ಹೊಡೆದೆ.

ಟಣ್.

ಅಣ್ಣ ಬಾಯಿ ಮುಚ್ಚಿ ಕುಳಿತ.

ಕೆಳಗಿಳಿಯಲು ಮೂವರೂ ಲಾಡ್ಜಿನ ಲಿಫ್ಟು ಹತ್ತಿದೆವು. ಅಣ್ಣ ಜೇಬಿನಿಂದ ಪೆನ್ನು ತೆಗೆದು, ಕಾಗದವಿದೆಯೇ ಎಂದು ಅತ್ತಿಗೆಯತ್ತ ಸನ್ನೆ ಮಾಡಿದ. ಅತ್ತಿಗೆ ಕೈಚೀಲವನ್ನು ಎದೆಗೆ ಒತ್ತಿಕೊಂಡರು.

“ಬೇಡ. ಬರೆದಿದ್ದು ಬೇಡ ನಂಗೆ. ಸೋಮವಾರದವರೆಗೂ ಸುಮ್ನಿರಿ, ಬಂದ್ರೆ ಬರುತ್ತೆ.”

ಅದು ಬರಲಿಲ್ಲ. ಆದರೆ ಆಗ ನಮಗಿನ್ನೂ ಗೊತ್ತಿರಲಿಲ್ಲ.

ನಾನು ಬಾಯಿ ತೆಗೆದೆ. ಅವನು ಏನು ಹೇಳಹೊರಟಿದ್ದನೆಂದು ನೂರು ಥರ ಹೇಳಬಲ್ಲವನು ನಾನು, ಒಂದಕ್ಕಿಂತ ಒಂದು ಸೊಗಸಾಗಿ; ಕೇಳಿದವರು ಕಣ್ಣೊರೆಸಿಕೊಂಡು ಮನೆಗೆ ಹೋಗಬೇಕು, ಹಾಗೆ. “ಅತ್ತಿಗೆ, ಅಣ್ಣ ಹೇಳ್ಬೇಕು ಅಂತ ಇದ್ದಿದ್ದು...”

“ನೀನು ಸುಮ್ನಿರಪ್ಪಾ,” ಎಂದರು ಅತ್ತಿಗೆ. ಕೋಪದಿಂದಲ್ಲ.

ಸುಮ್ಮನಾದೆ. ಎರಡನೇ ಮಹಡಿ ದಾಟುವಾಗ ಲಿಫ್ಟು ಎಲ್ಲೋ ಕಿರುಗುಟ್ಟಿತು. ಅಣ್ಣ ತಲೆಯೆತ್ತಿ, ಅಂಗೈಯನ್ನು ಗೋಡೆಗೆ ಇಟ್ಟು, ನೆಲ ಬರುವವರೆಗೂ ಆ ಸದ್ದನ್ನೇ ಕೇಳುತ್ತಾ ನಿಂತ.